ಕಸ್ತೂರಿಯ ಹೆಸರಿನ ಮೇಲೊಂದು ಕೆಂಪು ಗೆರೆ

ಆ ಶನಿವಾರವೂ ನಳಕ್ಕೆ ನೀರು ಬರುವ ಮೊದಲೇ ಎದ್ದಿದ್ದೆ. ಬಾಗಲಕೋಟೆಯ ನಮ್ಮ ಓಣಿಯಲ್ಲಿ ನೀರು ಬರುವುದು ಮೊದಲು ಸದ್ದಿನಿಂದ ತಿಳಿಯುತ್ತಿತ್ತು. ನಳ ಒಂದೆರಡು ಸಲ ಕೆಮ್ಮಿ, ಕೆಂಪನೆಯ ನೀರು ಉಗುಳಿ, ಆಮೇಲೆ ತಿಳಿಯಾಗುತ್ತಿತ್ತು. ಕೊಡಗಳನ್ನು ತುಂಬಿಸಿ, ಅಂಗಳಕ್ಕೆ ನೀರು ಚೆಲ್ಲಿ, ಒಲೆಯ ಮುಂದೆ ಕೂತೆ. ನಮ್ಮವರು ಕಾಲೇಜಿನಲ್ಲಿ ಕಲಿಸುವವರು. ಮನೆಯಲ್ಲಿ ಉಣ್ಣಲು ಬಿಸಿ ರೊಟ್ಟಿಯೇ ಆಗಬೇಕು, ಡಬ್ಬಿಗೆ ಮಾತ್ರ ಚಪಾತಿ. ಹಾಗಾಗಿ ಎರಡನ್ನೂ ಮಾಡಿ, ಹೆಸರುಕಾಳಿನ ಪಲ್ಯ ಒಗ್ಗರಿಸಿ, ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ ಎದ್ದೆ. ಸೀರೆಗಳ ನಡುವಿನಿಂದ ಹಳೆಯದೊಂದನ್ನು ಎಳೆದು ಉಟ್ಟೆ. ಕೋರ್ಟಿನ ದಿನ ಹೊಸ ಸೀರೆ ಉಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ಗಂಜಿ ಹಾಕಿದ ಸೀರೆಯ ಸರಬರ ಸದ್ದಿಗೆ ಬೆಚ್ಚಿಬಿದ್ದ ಮಗುವೊಂದನ್ನು ನೋಡಿದ ಮೇಲೆ ಮೆತ್ತಗಾದ ಸೀರೆಗಳೇ ಆ ದಿನಕ್ಕೆ ಮೀಸಲು.

ನನ್ನದು ಸಂಬಳದ ನೌಕರಿಯಲ್ಲ. ಮಕ್ಕಳ ನ್ಯಾಯಾಲಯದಲ್ಲಿ ಮ್ಯಾಜಿಸ್ಟ್ರೇಟರ ಪಕ್ಕದಲ್ಲಿ ಒಬ್ಬ ಹೆಂಗಸು ಗೌರವ ಸದಸ್ಯೆಯಾಗಿ ಕೂರಬೇಕೆಂಬ ನಿಯಮವಿತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಕಾಗದ ಓದಬಲ್ಲಳು, ಮನೆಯಲ್ಲೇ ಇರುತ್ತಾಳೆ ಎಂದು ಯಾರೋ ನನ್ನ ಹೆಸರು ಸೂಚಿಸಿದರು. ಎಪ್ಪತ್ತರ ದಶಕದ ಮೊದಲಲ್ಲಿ ಕೂತವಳು ಎಂಬತ್ತರ ದಶಕ ಮುಗಿಯುವವರೆಗೂ ಕೂತೇ ಇದ್ದೆ. “ಬಾಯಾರ, ಸಾಹೇಬ್ರು ಬದಲಾಗ್ತಾರ, ನಾವೂ ಬದಲಾಗ್ತೇವಿ, ನಿಮ್ಮ ಕುರ್ಚಿ ಒಂದ ಕಾಯಂ ನೋಡ್ರಿ” ಎಂದು ಕೋರ್ಟಿನ ಶಿರಸ್ತೇದಾರರು ನಗುತ್ತಿದ್ದರು. ಆ ಕುರ್ಚಿಯ ಒಂದು ಕಾಲು ಗಿಡ್ಡ. ಅದೂ ಕಾಯಂ.

ಈಗ ಈ ಕೆಲಸಕ್ಕೆ ಬರುವ ಹುಡುಗಿಯರು ಮನೆಗೆ ಬಂದು, “ಆಂಟೀ, ಆಗ ಹೇಗಿತ್ತು?” ಎಂದು ಕೇಳುತ್ತಾರೆ. ಅವರು ಕಾಯಿದೆಯನ್ನು ನನಗಿಂತ ಚೆನ್ನಾಗಿ ಬಲ್ಲರು. ಕಾಯಿದೆ ಊರಿಗೆ ಬಂದು ಇಳಿಯುವಾಗ ಅದರ ಕಾಲಿಗೆ ಯಾವ ಜೋಡು ಇರುತ್ತದೆ ಎಂಬುದಷ್ಟೇ ನಾನು ಹೇಳಬಹುದಾದದ್ದು.

ಜೋಡಿನ ಮಾತು ಸುಮ್ಮನೆ ಬಂದದ್ದಲ್ಲ. ಮೊದಲ ವರ್ಷಗಳಲ್ಲಿ ಮಕ್ಕಳನ್ನು ಖಾಕಿ ಹಾಕಿದ ಪೊಲೀಸರೇ ರಟ್ಟೆ ಹಿಡಿದು ತರುತ್ತಿದ್ದರು. ಕಟಕಟೆಯಲ್ಲಿ ನಿಲ್ಲಿಸಿದರೆ ಮಗುವಿನ ತಲೆಗೂದಲಷ್ಟೇ ಕಾಣುತ್ತಿತ್ತು. ಮೊದಲ ಸಾಹೇಬರು ಅದಕ್ಕೊಂದು ಸೀಮೆಎಣ್ಣೆ ಡಬ್ಬ ಇಡಿಸಿದರು, ಅದನ್ನೇ ದೊಡ್ಡ ಸುಧಾರಣೆ ಎಂದುಕೊಂಡೆವು. ಎರಡನೆಯ ಸಾಹೇಬರು ಕಟಕಟೆ ಬಿಟ್ಟು ಹಿಂದಿನ ಕೋಣೆಯಲ್ಲಿ ಜಮಖಾನ ಹಾಸಿಸಿದರು, ಕೋಟು ಕಳಚಿಟ್ಟು ಕೂತರು, ಪೊಲೀಸರು ಮಫ್ತಿಯಲ್ಲೇ ಬರಬೇಕೆಂದರು. ಪೊಲೀಸರು ಧೋತರ, ಪೈಜಾಮ ಹಾಕಿ ಬಂದರು. ಕಾಲಲ್ಲಿ ಮಾತ್ರ ಅದೇ ಬೂಟು. ಮಕ್ಕಳು ತಲೆ ತಗ್ಗಿಸಿ ಕೂತಿರುತ್ತವೆ, ಅವಕ್ಕೆ ಮೊದಲು ಕಾಣುವುದೇ ಕಾಲು. ಅದನ್ನು ಸಾಹೇಬರಿಗೆ ಹೇಳಲು ನನಗೆ ಬಹಳ ದಿನ ಧೈರ್ಯ ಬರಲಿಲ್ಲ. ಹೇಳಿದಾಗ ಅವರು, “ಅಲ್ರಿ ಬಾಯಾರ, ಸರ್ಕಾರ ಚಪ್ಪಲಿ ಕೊಡಬೇಕಲ್ಲ?” ಎಂದರು.

ಇದೇ ಸಾಹೇಬರ ಮುಂದೆ ಒಮ್ಮೆ ಮಹಾಕೂಟದಿಂದ ಇಬ್ಬರು ಪುಟ್ಟ ಅಕ್ಕತಂಗಿಯರು ಬಂದರು. ಗುಡಿಯ ಮುಂದಿನ ಹಣ್ಣುಕಾಯಿ ಅಂಗಡಿಯವನು ದೂರು ಕೊಟ್ಟಿದ್ದ. “ಯಾರ ಕಾಯಿ ತಗೊಂಡ್ರಿವಾ?” ಎಂದು ಸಾಹೇಬರು ಕೇಳಿದರು. ದೊಡ್ಡವಳು, “ದೇವರದ್ರಿ” ಎಂದಳು. ಸಣ್ಣವಳು ಅವಳ ಬೆನ್ನ ಹಿಂದಿನಿಂದಲೇ, “ದೇವರು ಕೇಳಿದ್ರ ಕೊಡ್ತೇವ್ರಿ, ಅವನ್ಯಾಕ ಕೇಳ್ತಾನ?” ಎಂದಳು. ಸಾಹೇಬರು ಕರವಸ್ತ್ರ ಬಾಯಿಗಿಟ್ಟು ನಕ್ಕರು. ನಕ್ಕು, ಅದೇ ಕರವಸ್ತ್ರದಿಂದ ಕೈ ಒರೆಸಿಕೊಂಡು, ಕಳವು ಎಂದು ಬರೆದದ್ದರ ಕೆಳಗೆ ಸಹಿ ಮಾಡಿದರು. ನಗು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ. ಈ ಕೆಲಸದಲ್ಲಿ ಒಳ್ಳೆಯವರು ಕಡಿಮೆ ಇರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಸ್ತೂರಿಯ ಸಂಗತಿಯಲ್ಲೂ ಕೆಟ್ಟವರು ಯಾರೂ ಇಲ್ಲ. ನನ್ನನ್ನು ಕಂಗೆಡಿಸುವುದು ಅದೇ.

ಕಸ್ತೂರಿ ಇಳಕಲ್ಲಿನ ನೇಕಾರರ ಹುಡುಗಿ. ನಮ್ಮ ಮುಂದೆ ಬಂದಾಗ ಹದಿನಾಲ್ಕು ಇದ್ದೀತು. ಪರಕಾರ ತೊಟ್ಟು, ಎಣ್ಣೆ ಕಾಣದ ಎರಡು ಜಡೆ ಹಾಕಿಕೊಂಡಿದ್ದಳು. ನೂಲಿನ ಬಣ್ಣ ಉಗುರಿನ ಸಂದಿಗೆ ಸೇರಿ, ಎರಡು ಬೆರಳು ನೀಲಿ, ಒಂದು ಕೆಂಪು. ತಾಯಿ ಸತ್ತು ಬಹಳ ದಿನವಾಗಿರಲಿಲ್ಲ. ಅಕ್ಕನನ್ನು ಕೆರೂರಿಗೆ ಕೊಟ್ಟಿದ್ದರು, ಆಕೆ ಏಳು ತಿಂಗಳ ಬಸುರಿ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನಿಂದ ರವಿಕೆಯ ಹಸಿರು ಖಣ ಹೋಗಬೇಕು. ಎಷ್ಟು ಬಡ ತವರಾದರೂ ಅದೊಂದು ತಪ್ಪಬಾರದು, ತಪ್ಪಿದರೆ ಅತ್ತೆಮನೆಯ ಹೆಂಗಸರ ಬಾಯಿಗೆ ವರ್ಷಕ್ಕಾಗುವಷ್ಟು ಕಾಳು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು, “ನೋಡೂಣು, ನೋಡೂಣು” ಎನ್ನುತ್ತ ದಿನ ತಳ್ಳಿದ. ಕುಬಸದ ಹಿಂದಿನ ದಿನ ಹುಡುಗಿ ಬಟ್ಟೆ ಅಂಗಡಿಗೆ ಹೋಗಿ, ಹೆಂಗಸರ ಗುಂಪಿನಲ್ಲಿ ಗಾದಿಯ ಅಂಚಿಗೆ ಕೂತು, ಒಂದು ಹಸಿರು ಖಣವನ್ನು ಪರಕಾರದ ನಿರಿಗೆಯೊಳಗೆ ಸಿಕ್ಕಿಸಿಕೊಂಡು ಎದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಗುಮಾಸ್ತ ಹಿಡಿದ. ಮಾಲೀಕರು ಪರಊರಿಗೆ ಹೋಗಿದ್ದರು. ಅವರು ತಿರುಗಿ ಬರುವಷ್ಟರಲ್ಲಿ ಠಾಣೆಯಲ್ಲಿ ಬರೆದಾಗಿತ್ತು.

ಹಿಂದಿನ ಕೋಣೆಯ ಜಮಖಾನದ ಮೇಲೆ ಸಾಹೇಬರು ಮೆತ್ತಗೆ ಕೇಳಿದರು: “ಖಣ ನೀ ತಗೊಂಡೀ ಏನವಾ?”

“ಹೌದ್ರಿ. ನಂದ ತಪ್ಪಾತ್ರಿ.”

“ಕೇಳಿ ತಗೊಂಡ್ಯೋ, ಹಂಗ ತಗೊಂಡ್ಯೋ?”

ಹುಡುಗಿ ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖ ನೋಡಿದಳು. ಅಪ್ಪ ಕೈಜೋಡಿಸಿ ತೋರಿಸಿದ. ಅವಳೂ ಕೈಜೋಡಿಸಿ, “ತಪ್ಪಾತ್ರಿ” ಎಂದಳು. ಮತ್ತೆ ಏನು ಕೇಳಿದರೂ ಅದೇ ಮಾತು.

ಆಮೇಲೆ ಹೊರಗೆ ಬೇವಿನ ಗಿಡದ ಬುಡದಲ್ಲಿ ಆ ಅಪ್ಪನನ್ನು ಕಂಡು, ಆಕೆಗೆ ಬೇರೇನೂ ಹೇಳುವುದಿರಲಿಲ್ಲವೇ ಎಂದು ಕೇಳಿದೆ. ಅವನು ಹೆಮ್ಮೆಯಿಂದಲೇ ಹೇಳಿದ: “ನಾನ ಹೇಳಿ ಕೊಟ್ಟಿದ್ದೆ ಬಾಯಾರ. ನಮ್ಮ ದೈವದಾಗ ಹಂಗ ಅಲ್ರಿ? ವಾದಾ ಮಾಡಿದಾವಗ ದಂಡ, ಒಪ್ಪಿಕೊಂಡಾವಗ ಮಾಫಿ. ಒಪ್ಪಿಕೊಂಡ ಮ್ಯಾಲೆ ಮುಗೀತು.” ದೈವ ಎಂದರೆ ಅವರ ಓಣಿಯ ಹಿರಿಯರ ಕೂಟ. ಗುಡಿಯ ಕಟ್ಟೆಗೆ ಸೇರಿ ಜಗಳ ಬಗೆಹರಿಸುವವರು. ಅಲ್ಲಿ ತಪ್ಪು ಒಪ್ಪಿ ಅಡ್ಡಬಿದ್ದರೆ ಅದು ಅಲ್ಲಿಗೇ ಹೂತುಹೋಗುತ್ತದೆ. ನಮ್ಮ ಕೋರ್ಟಿನಲ್ಲಿ ಹಾಗಲ್ಲ. ನಮ್ಮಲ್ಲಿ ಒಪ್ಪಿಕೊಂಡದ್ದೇ ಹುಟ್ಟುತ್ತದೆ. ಎಚ್ಚರಿಕೆ ಹೇಳಿ ಬಿಡುಗಡೆ ಮಾಡಿದ್ದು ನಿಜ, ಒಂದು ದಿನವೂ ಎಲ್ಲೂ ಕೂಡಿಹಾಕಲಿಲ್ಲ, ನಿಜ. ಆದರೆ ಇಳಕಲ್ಲಿನ ಠಾಣೆಯ ಗುನ್ಹೆಯ ಪುಸ್ತಕದಲ್ಲಿ ಅವಳ ಹೆಸರು, ಅಪ್ಪನ ಹೆಸರು, ಓಣಿಯ ಹೆಸರು ಸೇರಿ ಒಂದು ಸಾಲಾಯಿತು.

ಇಳಕಲ್ಲಿನಲ್ಲಿ ಹುಡುಗಿ ನೀರಿಗೆ ಹೋದರೂ ಮಂದಿ “ಖಣದಾಕಿ” ಎನ್ನತೊಡಗಿದರಂತೆ. ಅಪ್ಪ ಅವಳನ್ನು ಬಾಗಲಕೋಟೆಗೆ, ನಮ್ಮ ಹಿಂದಿನ ಓಣಿಯಲ್ಲಿದ್ದ ಅವಳ ಚಿಗವ್ವ ಸಂಗವ್ವನ ಮನೆಗೆ ತಂದುಬಿಟ್ಟ. ಇಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಒಂದು ವರ್ಷ ಅವಳ ಮೇಲೆ ಕಣ್ಣಿಡಬೇಕೆಂದು ಆದೇಶವಿತ್ತು. ಅವಳು ಠಾಣೆಗೆ ಹೋಗುವ ಬದಲು ನಮ್ಮ ಮನೆಗೆ ಬರಲಿ ಎಂದು ಸಾಹೇಬರಿಂದ ಒಪ್ಪಿಗೆ ಪಡೆದೆ. ಓಣಿಯವರಿಗೆ ಅವಳು ನನ್ನ ಹತ್ತಿರ ಕಸೂತಿ ಕಲಿಯುವವಳು. ಖರೆಯಾಗಿಯೂ ಕಲಿತಳು, ನನಗಿಂತ ಚೆನ್ನಾಗಿ. ವರ್ಷ ಮುಗಿದ ಮೇಲೂ ಬರುವುದನ್ನು ಬಿಡಲಿಲ್ಲ.

ಒಂದು ಮಧ್ಯಾಹ್ನ ಸೂಜಿಗೆ ದಾರ ಪೋಣಿಸುತ್ತ, ನಾನು ಕೇಳದೆಯೇ ಹೇಳಿದಳು: “ಅವ್ವ ಇದ್ದಾಗ ಆ ಅಂಗಡಿಯಿಂದ ಖಣ ಮನಿಗೆ ಒಯ್ದು ತೋರ್ಸಿ, ಒಪ್ಪಿದ್ದು ಇಟ್ಕೊಂಡು ಉಳದದ್ದು ಕೊಟ್ಟು ಬರ್ತಿದ್ಲ್ರಿ ಅಕ್ಕಾರ. ಆಮ್ಯಾಲೆ ರೊಕ್ಕ. ನಾನೂ ಹಂಗ ಒಯ್ದೆ.”

“ಇದನ್ನ ಸಾಹೇಬರ ಮುಂದೆ ಯಾಕೆ ಹೇಳಲಿಲ್ಲ?”

“ಅವ್ವ ಹೇಳಿ ಒಯ್ತಿದ್ಲ್ರಿ. ನಾ ಹೇಳ್ಲಿಲ್ಲ. ಹೇಳಿದ್ರ, ನಿಮ್ಮವ್ವ ಇಲ್ಲಲ್ಲ ಅಂತಾರಂತ ಅಂಜಿಕಿ.”

ಸೂಜಿಯ ಕಣ್ಣನ್ನೇ ನೋಡುತ್ತಿದ್ದಳು. ಅದು ಕಳವೋ ಅಲ್ಲವೋ ನನಗೆ ಇಂದಿಗೂ ಹೇಳಲಾಗದು. ನಮ್ಮ ಜಮಖಾನದ ಮೇಲೆ ಅವಳು ಈ ಎರಡು ಮಾತು ಆಡಿದ್ದರೆ ಸಾಹೇಬರು ಪ್ರಕರಣವನ್ನೇ ಕೈಬಿಡುತ್ತಿದ್ದರು ಎಂಬುದನ್ನು ಮಾತ್ರ ಬಲ್ಲೆ. ಹೊಸಬರಿಗೆ ನಾನು ಹೇಳುವುದು ಇಷ್ಟು: ಮಗು ಬೇಗ ಒಪ್ಪಿಕೊಂಡರೆ ಲೇಖನಿ ಕೆಳಗಿಡಿ. ಯಾರು ಒಪ್ಪಿಕೊಳ್ಳಲು ಕಲಿಸಿದರು, ಯಾವ ಊರಿನ ನ್ಯಾಯ ನಂಬಿ ಕಲಿಸಿದರು ಎಂದು ಕೇಳಿ.

ಹದಿನೇಳರ ಹೊತ್ತಿಗೆ ಕಸ್ತೂರಿ ಊರಿನ ಒಂದು ಹೆರಿಗೆ ದವಾಖಾನೆಯಲ್ಲಿ ಆಯಾ ಆಗಿದ್ದಳು. ಹರಿದ ಎಳೆ ಕೂಡಿಸಿ ಗಂಟು ಕಾಣದಂತೆ ಹೊಸೆಯುವ ಬೆರಳು ಅವಳದು. ಡಾಕ್ಟರಬಾಯಿ ಅದನ್ನು ಗಮನಿಸಿ, ಹೊಕ್ಕಳುಬಳ್ಳಿಗೆ ದಾರ ಕಟ್ಟುವಾಗ ಅವಳನ್ನು ಪಕ್ಕಕ್ಕೆ ನಿಲ್ಲಿಸಿಕೊಳ್ಳುತ್ತಿದ್ದರು. “ಅಕ್ಕಾರ, ಕೂಸ ಹುಟ್ಟಿದ ಕೂಡ್ಲೇ ಡಾಕ್ಟರಬಾಯಿ ಬೆನ್ನಿಗೆ ಬಡೀತಾರ. ಈ ಭೂಮಿಗೆ ಬಂದಾವಗ ಮೊದ್ಲ ಸಿಗೂದ ಏಟ ನೋಡ್ರಿ!” ಎಂದು ನಗುತ್ತಿದ್ದಳು. ಸರ್ಕಾರದ ದಾದಿಯರ ತರಬೇತಿಗೆ ಅವಳ ಹೆಸರನ್ನು ತಾನೇ ಬರೆದು ಕಳಿಸುವುದಾಗಿ ಡಾಕ್ಟರಬಾಯಿ ಮಾತು ಕೊಟ್ಟಿದ್ದರು. ಅವರು ಒಳ್ಳೆಯವರೇ, ಆದರೆ ಒಂದು ವಿಷಯದಲ್ಲಿ ಕಟ್ಟುನಿಟ್ಟು. ಒಮ್ಮೆ ನನ್ನೆದುರಿಗೇ ಹೇಳಿದ್ದರು: “ಬಾಣಂತಿ ಬಂಗಾರ ದಿಂಬಿನ ಬುಡಕ ಇರ್ತದ್ರಿ. ನನ್ನ ಹುಡುಗ್ಯಾರ ಕೈ ನಂಬಿ ಮಂದಿ ಬರ್ತಾರ. ಆ ನಂಬಿಗಿ ಹೋದ್ರ ನನ್ನ ದವಾಖಾನಿ ಉಳಿಯಂಗಿಲ್ಲ.”

ತರಬೇತಿಗೆ ಪೊಲೀಸರ ನಡತೆ ಪತ್ರ ಬೇಕು. ಹುಟ್ಟೂರಿನ ಠಾಣೆಯಿಂದ, ಅಂದರೆ ಇಳಕಲ್ಲಿನಿಂದ. ಹದಿನೆಂಟು ತುಂಬಿದರೆ ಅವಳು ಮಕ್ಕಳ ನ್ಯಾಯಾಲಯದ ಕೈ ಮೀರಿ ಹೋಗುತ್ತಾಳೆ, ಆಮೇಲೆ ಅವಳ ಪರವಾಗಿ ಕೇಳಲು ನಮಗೆ ಬಾಯಿಲ್ಲ. ಕೆಲವೇ ತಿಂಗಳು ಉಳಿದಿತ್ತು. ಆಗ ಬಂದಿದ್ದ ಮೂರನೆಯ ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು, ಕಾಯಿದೆಯ ಪ್ರತಿ ಅಕ್ಷರವನ್ನೂ ಗೌರವಿಸುವವರು. ಠಾಣೆಯ ಪುಸ್ತಕದಿಂದ ಆ ಸಾಲು ತೆಗೆಸಿಕೊಡಿ ಎಂಬ ನನ್ನ ಕೋರಿಕೆ ಕೇಳಿ ಅವರ ಕಣ್ಣು ಮಿನುಗಿತು. “ಖಂಡಿತಾ ತೆಗೆಸೋಣ. ಆದರೆ ಸದ್ಯದ ನಡತೆ ಬಗ್ಗೆ ಅವಳಿರುವ ಜಾಗದಲ್ಲಿ ವಿಚಾರಣೆ ಆಗದೆ ನಾನು ಸಹಿ ಮಾಡುವ ಹಾಗಿಲ್ಲ. ಪದ್ಧತಿ ಹಾಗಿದೆ” ಎಂದರು. ನಾನೇ ವರದಿ ಕೊಡುತ್ತೇನೆ, ಮೂರು ವರ್ಷದಿಂದ ಬಲ್ಲೆ ಎಂದೆ. ನೀವು ಪೀಠದಲ್ಲಿ ಕೂರುವವರು, ಸಾಕ್ಷಿ ಹೇಳಲು ಬರುವುದಿಲ್ಲ ಎಂದರು. ಅದೂ ಸರಿಯೇ.

ವಿಚಾರಣೆಗೆ ಬಂದವನು ನಡುವಯಸ್ಸಿನ ಪೊಲೀಸ, ಮಕ್ಕಳೊಂದಿಗ. ಮಫ್ತಿಯ ನಿಯಮ ಕೋರ್ಟಿನ ಆವರಣಕ್ಕಷ್ಟೇ, ಓಣಿಗೆ ಅವನು ಖಾಕಿಯಲ್ಲೇ ಬಂದ. ಸಂಗವ್ವನ ಮನೆಯ ಎದುರು ಸೈಕಲ್ಲು ನಿಲ್ಲಿಸಿ ಎಡಬಲದ ಮನೆಗಳ ಬಾಗಿಲು ಬಡಿದ. ನಮ್ಮ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುತ್ತಿದ್ದ ನನಗೆ ಎಲ್ಲ ಕೇಳುತ್ತಿತ್ತು.

“ಅಂಜಬ್ಯಾಡ್ರಿ ಅವ್ವಾರ, ಚಲೋ ಕೆಲಸಕ್ಕ ಬಂದೇನಿ. ಇಲ್ಲೆ ಇಳಕಲ್ಲದ ಹುಡುಗಿ ಅದಾಳಲ್ರಿ, ಹ್ಯಾಂಗ ಅದಾಳ?”

“ಅಯ್ಯ, ಬಂಗಾರದಂಥಾ ಹುಡುಗಿರಿ. ಯಾಕ್ರಿ?”

“ಕೈ ಸುದ್ದ ಅದಾವೇನ್ರಿ?”

ಆ ಹೆಂಗಸು, “ಸುದ್ದನ ಅದಾವ್ರಿ” ಎಂದಳು, ಮೊದಲಿನಷ್ಟು ಗಟ್ಟಿಯಾಗಿ ಅಲ್ಲ.

ಮನೆಯಿಂದ ಮನೆಗೆ ಹೋದ. ಪ್ರತಿ ಮನೆಯವರೂ ಒಳ್ಳೆಯದನ್ನೇ ಹೇಳಿದರು. ನಡತೆ ಉತ್ತಮ ಎಂದು ವರದಿ ಹೋಯಿತು. ಆದರೆ ಅವನ ಸೈಕಲ್ಲು ಓಣಿ ದಾಟಿದ ಮೇಲೆ ಕಟ್ಟೆಗಳ ಮೇಲಿನ ಮಾತು ಶುರುವಾಯಿತು. ಪೊಲೀಸ ಏನನ್ನೂ ಬಿಟ್ಟುಹೇಳಿರಲಿಲ್ಲ, ಹಾಗಾಗಿ ತಮಗೆ ತೋಚಿದ್ದನ್ನೆಲ್ಲ ಮಂದಿ ತುಂಬಿಕೊಂಡರು. ಕಸ್ತೂರಿ ನಮ್ಮ ಮನೆಗೆ ಬಂದಾಗ ಚಪ್ಪಲಿಯನ್ನು ಹೊರಗೆ ಬಿಡದೆ ಒಳಗೆ ತಂದಿಟ್ಟಳು. “ಯಾರರೆ ನೋಡಿದ್ರ ನಿಮ್ಮ ಮನ್ಯಾಗ ಅದೇನಿ ಅಂತ ಗೊತ್ತಾಗ್ತದ್ರಿ” ಎಂದಳು.

ನಾನು ಮೊದಲು ಹೇಳಿದ ಆ ಶನಿವಾರವೇ ಆದೇಶದ ದಿನ. ಕಸ್ತೂರಿಗೆ ದವಾಖಾನೆಯ ಪಾಳಿ ಇತ್ತು, ಸಂಗವ್ವ ಬಂದಿದ್ದಳು. ಸಾಹೇಬರು ಓದಿ, ಸಹಿ ಮಾಡಿ, ಎದ್ದು ನಿಂತು ಅವಳಿಗೆ ಹೇಳಿದರು: “ಇನ್ನು ಮೇಲೆ ನಿಮ್ಮ ಹುಡುಗಿಯ ಹೆಸರಿಗೆ ಏನೂ ಅಂಟಿಕೊಂಡಿಲ್ಲ, ತಾಯೀ.” ಸಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಗಳಗಳ ಅತ್ತಳು. ಟಪಾಲಿನಲ್ಲಿ ಹೋದರೆ ಇಳಕಲ್ಲಿಗೆ ಯಾವಾಗ ಮುಟ್ಟೀತೋ ಎಂದು ಆದೇಶದ ಪ್ರತಿಯನ್ನು ನಾನೇ ಒಯ್ಯುವುದೆಂದಾಯಿತು. ಮೆಟ್ಟಿಲಿಳಿಯುವಾಗ ಸಂಗವ್ವನಿಗೆ, “ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ” ಎಂದೆ.

“ಯಾಕ್ರಿ ಬಾಯಾರ? ಸಾಹೇಬ್ರ ಹೇಳ್ಯಾರಲ್ಲ? ಈಗೆಂಥಾ ನಾಚಿಕಿ?”

“ಇರಲಿ. ಹೇಳಬ್ಯಾಡ್ರಿ.”

“ಹೂನ್ರಿ” ಎಂದಳು.

ಬಸ್ಸು ಅಮೀನಗಡದಲ್ಲಿ ನಿಂತಾಗ ಕರದಂಟಿನ ಪೊಟ್ಟಣ ಮಾರುವವರು ಕಿಟಕಿಗೆ ಮುತ್ತಿದರು. ಹುನಗುಂದ ದಾಟಿದ ಮೇಲೆ ಬಿಸಿಲು ಬಿಳಿಯಾಯಿತು. ಇಳಕಲ್ಲಿನಲ್ಲಿ ಇಳಿದು ಠಾಣೆಯ ಕಡೆ ನಡೆಯುವಾಗ ಎರಡೂ ಬದಿಯ ಮನೆಗಳೊಳಗಿಂದ ಮಗ್ಗದ ಸದ್ದು. ಅಲ್ಲಿ ಮಂದಿ ಮಾತಾಡುವಾಗ ತುಸು ಗಟ್ಟಿಯಾಗಿಯೇ ಮಾತಾಡುತ್ತಾರೆ, ಆ ಸದ್ದನ್ನು ಮೀರಬೇಕಲ್ಲ. ಗುಟ್ಟು ಹೇಳುವುದಕ್ಕೆ ಒಗ್ಗುವ ಊರಲ್ಲ ಅದು.

ಠಾಣೆಯ ಹವಾಲ್ದಾರರು ಕನ್ನಡಕದ ಮುರಿದ ಕಡ್ಡಿಗೆ ದಾರ ಕಟ್ಟಿಕೊಂಡಿದ್ದರು. ನನಗೆ ಕುರ್ಚಿ ಹಾಕಿಸಿ, ಹಳೆಯ ಪುಸ್ತಕ ಇಳಿಸಿ, ಧೂಳು ಊದಿ, ಹುಡುಕಿ ತೆಗೆದರು. ಮರದ ರೂಲು ಇಟ್ಟು, ಕೆಂಪು ಶಾಯಿಯಿಂದ ಆ ಸಾಲಿನ ಮೇಲೆ ಒಂದು ಗೆರೆ ಎಳೆದರು. ನೇರವಾದ, ತೆಳುವಾದ, ಅಂದವಾದ ಗೆರೆ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಕೋರ್ಟಿನ ಆದೇಶದ ಪ್ರಕಾರ ತೆಗೆದಿದೆ ಎಂದು ಬರೆದರು.

ಗೆರೆಯ ಕೆಳಗೆ ಹೆಸರು ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಪುಟದಲ್ಲಿ ಬೇರೆಲ್ಲ ಹೆಸರು ಕಪ್ಪು ಶಾಯಿಯವು, ಕಣ್ಣಿಗೆ ಬೀಳುವುದು ಇದೊಂದೇ.

“ಪೂರ್ತಿ ಅಳಿಸಬಹುದಲ್ಲ, ಓದಲು ಬಾರದಂತೆ?” ಎಂದೆ.

“ಛೇ ಛೇ, ಹಂಗ ಮಾಡಾಕ ಬರಂಗಿಲ್ರಿ ಅಮ್ಮಾರ. ಏನ್ ಬರದಿತ್ತು ಅನ್ನೂದು ಕಾಣಬೇಕು. ಇಲ್ಲಂದ್ರ ನಾಳೆ ಬಂದ ದೊಡ್ಡ ಸಾಹೇಬ್ರು, ಏನೋ ಮುಚ್ಚಿಟ್ಟಾನ ಇವ, ಅಂತಾರ. ನನ್ನ ನೌಕ್ರಿಗೇ ಬರ್ತದ.” ಆಮೇಲೆ ಸಮಾಧಾನ ಹೇಳುವಂತೆ, “ನೀವೇನ್ ಕಾಳಜಿ ಮಾಡಬ್ಯಾಡ್ರಿ. ನಡತಿ ಪತ್ರ ಕೇಳಿದ್ರ ಚಲೋ ಅಂತನ ಕೊಡ್ತೇವಿ. ನನಗೂ ಹೆಣ್ಣಮಕ್ಕಳ ಅದಾವ್ರಿ” ಎಂದರು. ಚಹಾ ತರಿಸಿಕೊಟ್ಟರು. ಕುಡಿದೆ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ.

ತಿರುಗಿ ಬರುವಾಗ ಕಿಟಕಿಯ ಸರಳಿಗೆ ತಲೆಯಿಟ್ಟು ಲೆಕ್ಕ ಹಾಕಿದೆ. ಹೆಸರು ಹೇಗೆ ಕಂಡರೂ ಪತ್ರವಂತೂ ಸಿಗುತ್ತದೆ. ಡಾಕ್ಟರಬಾಯಿ ಹೆಸರು ಕಳಿಸುತ್ತಾರೆ. ಅವಳು ಬೇರೆ ಊರಿಗೆ ಹೋಗಿ ಬಿಳಿ ಸೀರೆ ಉಟ್ಟು ಕಲಿಯುತ್ತಾಳೆ. ಆ ದಿನ ಬಸ್ಸು ಬಾಗಲಕೋಟೆ ಮುಟ್ಟುವವರೆಗೆ ನಾನು ಖುಷಿಯಾಗಿದ್ದೆ ಎಂದೇ ನೆನಪು.

ಸಂಜೆ ನಮ್ಮ ಓಣಿಯ ತಿರುವಿನಲ್ಲಿ ಸಂಗವ್ವ ಸಿಕ್ಕಳು. ತಲೆಗೆ ಹೂ ಮುಡಿದಿದ್ದಳು. ಕೈಯಲ್ಲಿ ತಟ್ಟೆ, ತಟ್ಟೆಯ ತಳದಲ್ಲಿ ಒಂದಿಷ್ಟು ಸಕ್ಕರೆ.

“ಬಾಯಾರ, ಬಾಯಿ ತೆರೀರಿ! ನಿಮಗಂತ ತಗದಿಟ್ಟೇನಿ. ಎರಡೂ ಓಣಿಗೆ ಕೊಟ್ಟ ಬಂದೆ.”

“ಏನಂತ ಹೇಳಿ ಕೊಟ್ರಿ?” ಎಂದೆ.

“ಇದ್ದದ್ದ ಹೇಳಿದೆ. ಆ ಪೊಲೀಸ ಬಂದ ಹೋದಾಗಿಂದ ಮಂದಿ ಏನೇನ್ ಅನ್ನಾಕತ್ತಿದ್ರು ಗೊತ್ತೇನ್ರಿ? ಬಂಗಾರದ ಸರ ಕದ್ದ ಬಂದಾಳ ಅಂದ್ರು. ಯಾವನ್ನೋ ಕಟಗೊಂಡು ಓಡಿ ಬಂದಾಳ ಅಂದ್ರು. ಎಷ್ಟ ದಿನಾ ಕೇಳೂದ್ರಿ ನಾ? ಹೇಳೇಬಿಟ್ಟೆ. ಏನೂ ಅಲ್ಲವಾ, ಒಂದ ಹಸರ ಖಣ, ಅದೂ ಅಕ್ಕನ ಕುಬಸಕ್ಕ, ಸಣ್ಣಾಕಿದ್ದಾಗ. ಕೋರ್ಟಿನ ಸಾಹೇಬ್ರ ಎದ್ದ ನಿಂತು ಮಾಫಿ ಮಾಡ್ಯಾರ. ಬಾಯಿ ಸಿಹಿ ಮಾಡ್ಕೋರಿ, ಇಲ್ಲಿಗಿ ಮುಗೀತು ಅಂದೆ.”

“ಬ್ಯಾಡ ಅಂದಿದ್ದೆನಲ್ಲ ಸಂಗವ್ವ.”

“ಮುಚ್ಚಿಟ್ರ ಬೆಳೀತದ್ರಿ. ನಮ್ಮ ಇಳಕಲ್ಲದಾಗ ದೈವ ಮಾಫಿ ಮಾಡಿದ ಮ್ಯಾಲೆ ಸಕ್ರಿ ಹಂಚ್ತಾರ. ಆ ಸಕ್ರಿ ತಿಂದಾವ ಮತ್ತ ಆ ಮಾತ ಆಡಂಗಿಲ್ಲ. ಆಡಿದ್ರ ತಪ್ಪ ಅವಂದಾಗ್ತದ.”

“ಇದು ಬಾಗಲಕೋಟಿ.”

“ಇಲ್ಲಿರೂದೂ ಮನಶ್ಯಾರ ಅಲ್ಲೇನ್ರಿ?”

ಎರಡು ವಾರ ಅನುಮಾನದ ಕಣ್ಣುಗಳ ನಡುವೆ ನೀರು ಹೊತ್ತವಳು ಅವಳು. ಅವಳ ಮುಖ ಅಂದು ತೊಳೆದಿಟ್ಟ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ನಾನು ಬಾಯಿ ತೆರೆದೆ, ಅವಳು ಸಕ್ಕರೆ ಹಾಕಿದಳು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ, ತಪ್ಪನ್ನು ಹೇಳಿಬಿಟ್ಟರೆ ಹಗುರ ಎಂದು ಕಲಿಸಿದ್ದರು. ಇಳಕಲ್ಲಿನ ಹಿರಿಯರು ಕಲಿಸಿದ್ದೂ ಅದನ್ನೇ. ಕೇಳಿಸಿಕೊಳ್ಳುವವರಿಗೆ ಯಾರೂ ಏನನ್ನೂ ಕಲಿಸಿರಲಿಲ್ಲ.

ಮನೆಯ ಬೀಗ ತೆಗೆದು, ಕಾಲು ತೊಳೆದು, ದೇವರಿಗೆ ದೀಪ ಹಚ್ಚಿದೆ. ಪಕ್ಕದ ಮನೆಯ ಗಂಗಕ್ಕ ನಡುವಿನ ಗಿಡ್ಡ ಗೋಡೆಯ ಮೇಲೆ ಮೊಣಕೈ ಊರಿ ನಿಂತಿದ್ದರು. ಹಗಲೆಲ್ಲ ಎಲ್ಲಿಗೆ ಹೋಗಿದ್ದಿರಿ, ಊಟ ಆಯಿತೇ ಎಂದು ವಿಚಾರಿಸಿದರು. ನಾವು ಇಪ್ಪತ್ತು ವರ್ಷ ಒಂದೇ ಗೋಡೆ ಹಂಚಿಕೊಂಡವರು. ನನಗೆ ಜ್ವರ ಬಂದಾಗ ಗಂಜಿ ಕಾಸಿ ತಂದುಕೊಟ್ಟವರು ಅವರು. ಅವರ ಮಗಳು ಸುಮಂಗಲಾ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳಿಗೆ ಹೇಗಿದೆ ಎಂದು ಕೇಳಿದೆ.

“ದಿನಾ ತುಂಬ್ಯಾವ್ರಿ, ಇವತ್ತೋ ನಾಳೆಯೋ” ಎಂದರು ಗಂಗಕ್ಕ. ಗೋಡೆಯ ಮೇಲೆ ಬಿದ್ದಿದ್ದ ಬೇವಿನ ಎಲೆಗಳನ್ನು ಒಂದೊಂದಾಗಿ ಆಚೆ ಸರಿಸುತ್ತ ಮುಂದುವರಿಸಿದರು: “ಅಂದಂಗ, ಆ ದವಾಖಾನಿ ಬ್ಯಾಡ ಅಂದ್ವಿ ನೋಡ್ರಿ. ಮಧ್ಯಾಹ್ನನ ಡಾಕ್ಟರಬಾಯಿಗೆ ಹೇಳಿ ಬಂದೆ, ಆ ಹುಡುಗಿ ಇರೂತನಾ ನಾವ್ ಬರಂಗಿಲ್ರಿ ಅಂತ. ಹುಡುಗಿ ಚಲೋನ ಅದಾಳಂತ, ಕೋರ್ಟಿನವ್ರ ಹೇಳ್ಯಾರಂತ, ನಾನೂ ಸಕ್ರಿ ತಿಂದೇನಿ. ಆದ್ರೂ ಕೂಸಿನ ಕೈಯಾಗ ಕಡಗ ಇರ್ತಾವಲ್ರಿ.”